ಮಂದಿಯನ್ನು ಎಣಿಸದ ಮನೆ

ಮಾಸ್ಟರ್ ಸಾಹೇಬರು ಕೊನೆಯ ಸಲ ನಮ್ಮ ಮನೆಗೆ ಪಾಠ ಹೇಳಲು ಬಂದ ದಿನ ಪಡಸಾಲೆಯ ತುಂಬ ಬಾಳೆಹಣ್ಣಿನ ವಾಸನೆ ಇತ್ತು. ಅವ್ವನ ತಮ್ಮ, ನಮ್ಮ ಶಿವಮಾಮಾ, ಹಿಂದಿನ ದಿನ ಕಮಲಾಪುರದಿಂದ ಎರಡು ಬಂಡಿ ಕೆಂಪು ಬಾಳೆ ತಂದು ಬಜಾರಕ್ಕೆ ಹಾಕಿ, ಮನೆಗೆಂದು ಮೂರು ಗೊನೆ ಇಳಿಸಿದ್ದ. ಗೊನೆ ಒರಗಿಸಿದ ಮೂಲೆಯಲ್ಲೇ ಅಕ್ಕ ಮಾದೇವಿ ಸ್ಲೇಟು ಹಿಡಿದು ಕೂತಿದ್ದಳು. ಆಕೆಗೆ ಹನ್ನೊಂದು ವರ್ಷ, ನನಗೆ ಎಂಟು. ತಮ್ಮ ರೇವಣ್ಣ ನಾಲ್ಕರವನು. ಅಪ್ಪನಿಗೆ ಬಟ್ಟೆಯ ಅಂಗಡಿ ಇತ್ತು. ಮುಂಬಯಿಯ ಗಿರಣಿಗಳಿಂದ ಬರುವ ಇಂಗ್ಲಿಷ್ ಕಾಗದಗಳನ್ನು ಓದಿಸಲು ಅವನು ಊರೆಲ್ಲ ತಿರುಗಬೇಕಾಗುತ್ತಿತ್ತು. ಮನೆಯಲ್ಲೇ ಒಬ್ಬರು ಇಂಗ್ಲಿಷ್ ಕಲಿಯಲಿ ಎಂದು ನಿರ್ಧರಿಸಿದಾಗ ಗಂಡು ಮಗನಿಗೆ ಇನ್ನೂ ಮಾತೇ ಸರಿಯಾಗಿ ಬರುತ್ತಿರಲಿಲ್ಲ. “ರೇವ್ಯಾ ದೊಡ್ಡಾವ ಆಗೋತನಕ ಇಕೀನೇ ಕಲೀಲಿ” ಎಂದು ಅಕ್ಕನನ್ನು ಕೂರಿಸಿದ. ಹೀಗೆ ಅಕ್ಕ ತಮ್ಮನ ಬದಲಿಗೆ ಓದತೊಡಗಿದಳು, ನಾನು ಅಕ್ಕನ ಪಕ್ಕದಲ್ಲಿ ಸುಮ್ಮನೆ ಕೂತೆ. ಮಾಸ್ಟರ್ ಸಾಹೇಬರು ಹಗಲು ಉರ್ದು ಶಾಲೆಯಲ್ಲಿ ಕಲಿಸುತ್ತಿದ್ದರು, ಸಂಜೆ ಅಸರ್ ನಮಾಜು ಮುಗಿಸಿ ನಮ್ಮ ಮನೆಗೆ ಬರುತ್ತಿದ್ದರು. ತೆಳ್ಳಗಿನ ಆಳು. ಕರಿ ಶೇರ್ವಾನಿಯ ಮೊಣಕೈಗೆ ತೇಪೆ ಹಾಕಿರುತ್ತಿತ್ತು. ಅಂದು ಅವರು ಪುಸ್ತಕ ತೆರೆಯಲಿಲ್ಲ. ಗೊನೆಯ ಕಡೆ ಕೈ ಮಾಡಿದರು.

“ಬೇಟಾ ಮಾದೇವಿ, ಇದನ್ನ ನೋಡು. ಹಾಫ್ ಆಫ್ ದ ಬನಾನಾಸ್… ಮುಂದ ಏನು? ಈಸ್ ಏನು, ಆರ್ ಏನು?”

“ಆರ್ ರೀ.”

“ಯಾಕ?”

“ಹಣ್ಣು ಭಾಳ ಅವ ರೀ.”

ಅವರು ಒಂದು ಹಣ್ಣು ಕಿತ್ತು, ಸುಲಿದು, ಅರ್ಧ ಮುರಿದು ನನ್ನ ಕೈಗಿಟ್ಟರು.

“ಈಗ? ಹಾಫ್ ಆಫ್ ದ ಬನಾನಾ…”

“ಈಸ್ ರೀ.”

“ಶಾಬಾಸ್. ಹಾಫ್ ಆಫ್ ದ ಬನಾನಾ ಈಸ್ ಇನ್ ನೀಲಾಸ್ ಹ್ಯಾಂಡ್.”

“ಈಸ್ ಅಲ್ರೀ, ವಾಜ್,” ಎಂದಳು ಅಕ್ಕ. “ನುಂಗ್ಯಾಳ ನೋಡ್ರಿ.”

ಮಾಸ್ಟರ್ ಸಾಹೇಬರು ಬಾಯಿಗೆ ಕರವಸ್ತ್ರ ಒತ್ತಿಕೊಂಡು ನಕ್ಕರು. ಅವರು ನಕ್ಕದ್ದು ನನಗೆ ಈಗಲೂ ಕೇಳುತ್ತದೆ. ಆಮೇಲೆ ಅವರು ಹೇಳಿದ್ದು ಪಾಠದ ಮಾತು. ಅರ್ಧ ಅಂದರೆ ಏನೂ ಹೇಳಿದಂತಾಗಲಿಲ್ಲ, ಯಾವುದರ ಅರ್ಧ ಎಂದು ಮೊದಲು ಕೇಳಬೇಕು. ಎಲ್ಲಾ ಅಂದರೂ ಅಷ್ಟೇ. ಎಲ್ಲಾ ನೀರು ಬೇರೆ, ಎಲ್ಲಾ ಮಂದಿ ಬೇರೆ. “ನಿಮ್ಮ ಕನ್ನಡದಾಗೂ ಇದು ಹಂಗೇ ಅದ,” ಎಂದರು. “ಅರ್ಧ ಹಾಲು ಚೆಲ್ತು ಅಂತೀರಿ, ಅರ್ಧ ಮಂದಿ ಹೋದ್ರು ಅಂತೀರಿ. ಬಾಯಿಗಿ ಗೊತ್ತದ, ತಲಿಗಿ ಗೊತ್ತಿಲ್ಲ ಅಷ್ಟೇ.” ಹಾಗೆಂದು, ಪಾಠದ ಓಘದಲ್ಲಿ, ಇನ್ನೊಂದು ಪ್ರಶ್ನೆ ಕೇಳಿಬಿಟ್ಟರು. ಹೌ ಮೆನಿ ಪರ್ಸನ್ಸ್ ಆರ್ ಇನ್ ದಿಸ್ ಹೌಸ್? ಅಪ್ಪ ಎಂದು ಅಕ್ಕ ಹೆಬ್ಬೆರಳು ಮಡಚಿದಳು, ಅವ್ವ ಎಂದು ಇನ್ನೊಂದು ಮಡಚಿದಳು. ಒಳಗಿನಿಂದ ಆಯಿಯ ದನಿ ಬಂತು. ಆಯಿ ಅಂದರೆ ಅಪ್ಪನ ತಾಯಿ.

“ಏ ಮಾದೇವಿ, ಬೆರಳ ಮಡಚಬ್ಯಾಡ. ಮನಿ ಮಂದೀನ ಯಾರರ ಎಣಿಸ್ತಾರೇನು?”

“ತಪ್ಪಾತ್ರಿ ಆಯಿ,” ಎಂದರು ಮಾಸ್ಟರ್ ಸಾಹೇಬರು ಕೂತಲ್ಲಿಂದಲೇ. “ನಮ್ಮ ಅಮ್ಮೀನೂ ಎಣಿಸಾಕ ಬಿಡಂಗಿಲ್ರಿ. ಬೇಟಾ, ಮಂದೀನ ಬಿಡು. ಬಾಳಿಹಣ್ಣು ಎಣಿಸು.”

ನಮ್ಮ ಮನೆಯ ಮಂದಿಯನ್ನು ಯಾರೂ ಎಣಿಸುತ್ತಿರಲಿಲ್ಲ. ಆಯಿ ಇನ್ನೂ ಹರೆಯದ ಹೆಂಗಸಾಗಿದ್ದಾಗ ಯಾರೋ ಅಂಗಳದಲ್ಲಿ ಆಡುತ್ತಿದ್ದ ಆಕೆಯ ಮಕ್ಕಳನ್ನು ಬೆರಳು ಮಾಡಿ ಎಣಿಸಿದ್ದರಂತೆ. ಆ ವರ್ಷದ ಪ್ಲೇಗಿನಲ್ಲಿ ಅಪ್ಪನೊಬ್ಬನೇ ಉಳಿದ. ಅಂದಿನಿಂದ ಅದು ಮನೆಯ ಕಟ್ಟಳೆ. ಊಟಕ್ಕೆ ಎಷ್ಟು ಮಂದಿ ಎಂದು ಕೇಳುವಂತಿರಲಿಲ್ಲ, ರೊಟ್ಟಿ ಎಷ್ಟು ಬಡಿದೆ ಎಂದು ಹೇಳುವಂತಿರಲಿಲ್ಲ. ಅವ್ವ ಕಣ್ಣಂದಾಜಿನ ಮೇಲೆ ಹಿಟ್ಟು ಕಲಸುತ್ತಿದ್ದಳು, ಬುಟ್ಟಿ ತುಂಬಿದಾಗ ಒಲೆ ಆರಿಸುತ್ತಿದ್ದಳು. ಅಪ್ಪ ಊಟಕ್ಕೆ ಕೂತು ತಲೆ ಎತ್ತದೆ ಕೇಳುತ್ತಿದ್ದುದು ಒಂದೇ ಮಾತು, ಎಲ್ಲಾರೂ ಬಂದ್ರೇನು. ಒಳಗಿನಿಂದ ಯಾರಾದರೂ ಹೌದೆಂದರೆ ಆಯಿತು. ಜಾತ್ರೆಗೆ, ಮದುವೆಗೆ, ಬಸವಣ್ಣನ ಗುಡಿಗೆ, ಎಲ್ಲಿಗೆ ಹೊರಟರೂ ಇದೇ ಪ್ರಶ್ನೆ, ಇದೇ ಉತ್ತರ. ಅದು ಯಾವತ್ತೂ ತಪ್ಪಿರಲಿಲ್ಲ.

ಊರೊಳಗಿನ ಶಹಾಬಜಾರದ ಆ ಮನೆ ಓಣಿಯ ತಿರುವಿನಲ್ಲಿತ್ತು. ಮುಂದೆ ಕಟ್ಟೆ, ಕಟ್ಟೆ ದಾಟಿದರೆ ಪಡಸಾಲೆ. ಪಡಸಾಲೆಗೆ ಹಾಸಿದ ಶಹಾಬಾದಿ ಕಲ್ಲು ಬೇಸಿಗೆಯಲ್ಲೂ ತಣ್ಣಗಿರುತ್ತಿತ್ತು. ಅದರಾಚೆ ದೇವರ ಕೋಣೆ, ಅಡಿಗೆಮನೆ, ಎಮ್ಮೆ ಕಟ್ಟುವ ಜಾಗ. ಅಲ್ಲಿಂದ ಹಿತ್ತಲ ಬಾಗಿಲು ಒಂದು ಸಣ್ಣ ಓಣಿಗೆ ತೆರೆಯುತ್ತಿತ್ತು. ಆ ಓಣಿಯ ಕೊನೆಗೆ ಮಾಸ್ಟರ್ ಸಾಹೇಬರ ಮನೆ. ಅಲ್ಲಿ ಇದ್ದವರು ಅವರು, ಅವರ ಹೆಂಡತಿ, ಅವರ ಮುದಿ ತಾಯಿ. ಹೆಂಡತಿಯನ್ನು ನಾವು ಚಾಚಿ ಎನ್ನುತ್ತಿದ್ದೆವು. ಅವರಿಗೆ ಮಕ್ಕಳಿರಲಿಲ್ಲ. ನಮ್ಮ ಪಡಸಾಲೆಯ ಗೂಡಿನಲ್ಲಿ ಒಂದು ಪಿಂಗಾಣಿ ಬಸಿ ಕಪ್ಪು ಬೇರೆಯಾಗಿ ಇರುತ್ತಿತ್ತು. ಅದು ಮಾಸ್ಟರ್ ಸಾಹೇಬರಿಗೆ ಚಹಾ ಕೊಡುವ ಕಪ್ಪು. ಅದನ್ನು ಒಳಗಿನ ಪಾತ್ರೆಗಳ ಜೊತೆ ಸೇರಿಸುತ್ತಿರಲಿಲ್ಲ. ಅವರೇ ಕುಡಿದು, ಅವರೇ ತೊಳೆದು, ಗೂಡಿನಲ್ಲಿ ಬೋರಲು ಹಾಕಿ ಹೋಗುತ್ತಿದ್ದರು. ಒಮ್ಮೆ ಅಕ್ಕ ಅದರಲ್ಲಿ ನೀರು ಕುಡಿದದ್ದನ್ನು ಆಯಿ ನೋಡಿದಳು. ಅಂದು ನಡೆದ ಜಗಳ ನನಗೆ ಮಾತುಮಾತಾಗಿ ನೆನಪಿದೆ.

“ಕಲೀರಿ, ಇಂಗ್ಲೀಸ್ ಕಲೀರಿ. ನಾಳಿಗಿ ಅವರ ಮನ್ಯಾಗೇ ಉಂಡು ಬರ್ರಿ,” ಎಂದಳು ಆಯಿ.

“ಉಂಡ್ರ ಏನಾತೀಗ? ಚಾಚಿ ಬಂಗಾರದಂಥಾಕಿ,” ಎಂದಳು ಅಕ್ಕ.

“ಕೇಳ್ದಿ ಏನವ್ವಾ ನಿನ್ನ ಮಗಳ ಮಾತು?”

“ನಿಮ್ಮ ಮಗಾನೇ ಕೂಡಿಸ್ಯಾನ್ರಿ ಅತ್ತಿ,” ಎಂದಳು ಅವ್ವ ಒಲೆಯ ಮುಂದಿನಿಂದ. “ನನಗೇನು ಕೇಳ್ತೀರಿ.”

ಅಕ್ಕನ ಸ್ವಭಾವ ಹಾಗೆ. ಎದುರು ಮಾತಾಡುವಾಗಲೂ ದನಿ ಏರಿಸುತ್ತಿರಲಿಲ್ಲ. ತನ್ನದಲ್ಲದ ವಸ್ತು ತನ್ನ ಬಳಿ ಉಳಿಯಿತೆಂದರೆ ಮಾತ್ರ ಆಕೆಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಎದುರು ಮನೆಯ ಸೂಜಿ ತಂದರೂ ಅದೇ ದಿನ ಕೊಟ್ಟು ಬರಬೇಕು.

ಬಾಳೆಹಣ್ಣಿನ ಪಾಠ ಮುಗಿದು ಮಾಸ್ಟರ್ ಸಾಹೇಬರು ಹೋದ ಮೇಲೆ ಅಪ್ಪ ಅಂಗಡಿಯಿಂದ ಹೊತ್ತಿಗೆ ಮುಂಚೆ ಬಂದ. ಪೇಟೆಯಲ್ಲಿ ಹೈದರಾಬಾದ ಸರಕಾರದ ಪರ ಆಯುಧ ಹಿಡಿದ ರಜಾಕಾರರ ಮೆರವಣಿಗೆ ದಿನದಿನಕ್ಕೆ ಹೆಚ್ಚುತ್ತಿತ್ತು. ಅವರು ಪಕ್ಕದ ಹಳ್ಳಿಯೊಂದನ್ನು ಸುಟ್ಟ ಸುದ್ದಿ ಅಂದು ಬಂದಿತ್ತು. ಗಡಿಯಾಚೆ ಹಿಂದೂಸ್ಥಾನದ ಫೌಜು ಬಂದು ನಿಂತಿದೆ, ಇಂದೋ ನಾಳೆಯೋ ಒಳಗೆ ಬರುತ್ತದೆ ಎಂದು ಒಬ್ಬರ ಕಿವಿಯಲ್ಲಿ ಒಬ್ಬರು ಹೇಳುತ್ತಿದ್ದರು. ಬೆಳಿಗ್ಗೆಯೇ ಕಮಲಾಪುರಕ್ಕೆ ಹೊರಡುವುದೆಂದು ಅಪ್ಪ, ಮಾಮಾ ಕೂಡಿ ಗೊತ್ತು ಮಾಡಿದರು. ಬಾಳೆ ತಂದ ಬಂಡಿ ಬರಿದಾಗಿ ಊರಿಗೆ ಮರಳುವುದು ದಿನವೂ ನಡೆಯುವ ಕೆಲಸ, ಯಾರೂ ಅನುಮಾನಪಡುವುದಿಲ್ಲ. ಆದರೆ ಎರಡೂ ಬಂಡಿ ಒಂದೇ ಬಾಗಿಲಿಂದ ಹೊರಟರೆ ಕಣ್ಣಿಗೆ ಬೀಳುತ್ತದೆ. ಒಂದು ಮುಂಬಾಗಿಲಿಂದ, ಇನ್ನೊಂದು ಹಿತ್ತಲ ಓಣಿಯಿಂದ ಹೊರಟು, ತಾಜಸುಲ್ತಾನಪುರದ ಹೊಲಗಳ ಹತ್ತಿರ ಕೂಡಬೇಕು. ಮುಂದಿನ ಬಂಡಿಯನ್ನು ಮಾಮಾ ಹೊಡೆಯುವುದು, ಅದರಲ್ಲಿ ಅಪ್ಪ, ಅವ್ವ, ಆಯಿ, ರೇವಣ್ಣ. ಹಿಂದಿನದರಲ್ಲಿ ಹಾಸಿಗೆ, ಪಾತ್ರೆ, ಅಕ್ಕ, ನಾನು. ಅದನ್ನು ಹೊಡೆಯುವವನು ಮಾಮಾನ ಊರಿನ ಒಬ್ಬ ಆಳು, ನಮ್ಮನ್ನು ಅವನು ಹಿಂದೆ ನೋಡಿರಲಿಲ್ಲ. ಯಾರಿಗೂ ಹೇಳಬಾರದು ಎಂದು ಅಪ್ಪ ಹೇಳಿದಾಗ ಅವ್ವ ಮೆಲ್ಲಗೆ ಕೇಳಿದಳು.

“ಮಾಸ್ಟರಿಗೂ ಹೇಳಬಾರದೇನ್ರಿ?”

ಅಪ್ಪ ಗೋಡೆ ನೋಡಿದ.

“ಅವರು ಛಲೋ ಮನಷ್ಯಾರು. ಖರೆ, ಈಗ ಯಾರಿಗೂ ಬ್ಯಾಡ.”

ಬೆಳಿಗ್ಗೆ ಜಿಟಿಜಿಟಿ ಮಳೆ ಇತ್ತು. ನಾನು ಹಿತ್ತಲ ಓಣಿಯಲ್ಲಿ ನಿಂತ ಬಂಡಿಯಲ್ಲಿ ಗಾದಿಯ ಸಂದಿಯೊಳಗೆ ಹುದುಗಿ ಕೂತಿದ್ದೆ, ಮೇಲೆ ಒಣಗಿದ ಬಾಳೆ ಎಲೆ ಹೊದಿಸಿದ್ದರು. ಅಕ್ಕ ಬಂಡಿಗೆ ಕಾಲಿಟ್ಟವಳು ಹಾಗೇ ಕೆಳಗಿಳಿದಳು. ಆಕೆಯ ಗಂಟಿನಲ್ಲಿ ಮಾಸ್ಟರ್ ಸಾಹೇಬರ ಇಂಗ್ಲಿಷ್ ವ್ಯಾಕರಣದ ಪುಸ್ತಕ ಉಳಿದುಬಿಟ್ಟಿತ್ತು.

“ಅವರ ಹಂತ್ಯಾಕ ಇದೊಂದೇ ಅದ ನೀಲಾ. ಕೊಟ್ಟು ಬರ್ತೀನಿ.”

“ಯಾರಿಗೂ ಹೇಳಬಾರದು ಅಂದಾನಲ್ಲ ಅಪ್ಪ?”

“ನಾ ಏನೂ ಹೇಳಂಗಿಲ್ಲ. ಪುಸ್ತಕ ಬಾಗಲದಾಗ ಇಟ್ಟು ಬರ್ತೀನಿ. ಬಂಡಿ ಹೊಂಟ್ರ ನೀ ನಡಿ, ನಾ ಅವ್ವನ ಬಂಡ್ಯಾಗ ಕೂಡ್ತೀನಿ.”

ಆಕೆ ಪುಸ್ತಕವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಓಣಿಯ ಕೊನೆಯ ಕಡೆ ಓಡಿದಳು. ಕೆಸರಿಗೆ ಕಾಲು ಜಾರಿ ಒಮ್ಮೆ ಗೋಡೆ ಹಿಡಿದಳು. ನಾನು ಆಕೆಯನ್ನು ನೋಡಿದ್ದು ಅಷ್ಟೇ. ಓಣಿಯ ಬಾಯಿಯಲ್ಲಿ ಯಾರೋ ಕುದುರೆಯ ಮೇಲೆ ಹಾದುಹೋದರು. ಬಂಡಿಯ ಆಳು ಹೆದರಿ ಎತ್ತುಗಳನ್ನು ಹೊಡೆದ. ಹಿತ್ತಲ ಬಂಡಿ ಹೊರಟ ಸಪ್ಪಳ ಕೇಳಿದ ಅಪ್ಪ ಹೆಣ್ಣುಮಕ್ಕಳಿಬ್ಬರೂ ಹೋದರೆಂದುಕೊಂಡು ಹಿತ್ತಲಿಗೆ ಅಗುಳಿ ಹಾಕಿ, ಮುಂಬಾಗಿಲಿಗೆ ಕೀಲಿ ಹಾಕಿ ತಾನೂ ಹೊರಟ. ತಾಜಸುಲ್ತಾನಪುರದ ಹತ್ತಿರ ತೊಗರಿ ಹೊಲದ ಬದುವಿನಲ್ಲಿ ಎರಡು ಬಂಡಿ ಕೂಡಿದವು. ಇಳಿಯುವಂತಿರಲಿಲ್ಲ, ರಸ್ತೆಯ ಮೇಲೆ ಮಂದಿ ಇದ್ದರು. ಮುಂದಿನ ಬಂಡಿಯಿಂದ ಅವ್ವನ ದನಿ ಬಂತು.

“ಎಲ್ಲಾರೂ ಅದೀರೇನವಾ?”

“ಅದೀವಿ,” ಎಂದೆ.

ನಾನು ಸುಳ್ಳು ಹೇಳಲಿಲ್ಲ. ಅಕ್ಕ ಅವ್ವನ ಹತ್ತಿರ ಕೂತಿದ್ದಾಳೆಂದೇ ನಂಬಿದ್ದೆ. ಅಕ್ಕ ನನ್ನ ಹತ್ತಿರ ಇದ್ದಾಳೆಂದು ಅವ್ವ ನಂಬಿದ್ದಳು. ನಮ್ಮ ಮನೆಯಲ್ಲಿ ಹುಟ್ಟಿದ ದಿನದಿಂದ ಆ ಪ್ರಶ್ನೆಗೆ ಆ ಉತ್ತರವನ್ನೇ ಕೇಳಿದ್ದೆ, ಅದನ್ನೇ ಹೇಳಿದೆ. ಬೇರೆ ಯಾವ ಮನೆಯವರಾದರೂ ಬಗ್ಗಿ ಒಮ್ಮೆ ತಲೆ ಎಣಿಸುತ್ತಿದ್ದರು. ಬಂಡಿಗಳು ಮುಂದೆ ಸಾಗಿದವು. ದಾರಿಯುದ್ದಕ್ಕೂ ಹಾಸಿಗೆಯ ಮೇಲೆ ಕಾಲು ಚಾಚಿ, ಜಾಗ ಎಲ್ಲಾ ನನಗೇ ಸಿಕ್ಕಿತೆಂದು ಖುಷಿಪಟ್ಟೆ.

ಕಮಲಾಪುರದಲ್ಲಿ ಮಾಮಾನ ಮನೆ ಮುಟ್ಟಿದಾಗ ಹೊತ್ತು ಇಳಿದಿತ್ತು. ಮಾಮಾನ ಹೆಂಡತಿ, ನಮ್ಮ ಅತ್ತಿ, ಬಿಸಿ ರೊಟ್ಟಿ, ಪುಂಡಿಪಲ್ಲೆ ಮಾಡಿ ಕಾದಿದ್ದಳು. ಎಲ್ಲರೂ ಕೈಕಾಲು ತೊಳೆದು ಸಾಲಾಗಿ ಕೂತೆವು. ಅವ್ವ ರೊಟ್ಟಿಯ ಬುಟ್ಟಿ ಹಿಡಿದು ಬಡಿಸುತ್ತ ಬಂದಳು. ನನ್ನ ತಟ್ಟೆಗೆ ಒಂದು ಹಾಕಿದಳು. ನನ್ನ ಪಕ್ಕದ ತಟ್ಟೆಗೂ ಒಂದು ಹಾಕಿದಳು. ಆಮೇಲೆ ಬುಟ್ಟಿ ಹಿಡಿದುಕೊಂಡೇ ನಿಂತಳು.

“ಮಾದೇವಿ ಎಲ್ಲಿ?”

“ನಿನ್ನ ಬಂಡ್ಯಾಗ,” ಎಂದೆ ನಾನು.

ಅವ್ವ ಅಪ್ಪನ ಮುಖ ನೋಡಿದಳು. ಅಪ್ಪ ಮಾಮಾನ ಮುಖ ನೋಡಿದ. ಮಾಮಾ ಎದ್ದು ಹೊರಗೆ ಹೋಗಿ ಎರಡೂ ಬಂಡಿಯ ಹುಲ್ಲು ಕೆದರಿದ್ದು ಒಳಗೆ ಕೇಳಿಸಿತು. ಯಾರೂ ಅಳಲಿಲ್ಲ. ಆಯಿ ಒಬ್ಬಳೇ, ತುತ್ತು ಕೈಯಲ್ಲಿ ಹಿಡಿದು, ನಮ್ಮ ಕಡೆ ಬೆರಳು ಮಾಡಿ ಎಣಿಸತೊಡಗಿದಳು. ರೇವಣ್ಣ, ನೀಲಾ. ರೇವಣ್ಣ, ನೀಲಾ. ಅವ್ವ ಆಕೆಯ ಕೈ ಹಿಡಿದು ಕೆಳಗಿಳಿಸಿದಳು.

ಅಪ್ಪ, ಮಾಮಾ ಬೇರೆ ಎತ್ತು ಕಟ್ಟಿ ಆಗಲೇ ಹಿಂದಿರುಗಿದರು. ಮುಂದಿನದನ್ನು ನಾನು ಕಣ್ಣಾರೆ ಕಾಣಲಿಲ್ಲ, ಅಪ್ಪ ಹೇಳಿದ್ದು ಮಾತ್ರ ಗೊತ್ತು. ಅವನು ಅದನ್ನು ಬಹಳ ವರ್ಷದ ಮೇಲೆ, ಒಂದೇ ಸಲ ಹೇಳಿದ. ಬೆಳಕು ಹರಿದ ಮೇಲೆ, ಊರು ಇನ್ನೂ ಹರದಾರಿ ದೂರ ಇರುವಾಗ, ಎದುರಿಗೆ ಒಂದು ಟಾಂಗಾ ಬಂತಂತೆ. ಒಳಗೆ ಬುರ್ಖಾ ತೊಟ್ಟವರು, ಮುಂದೆ ಶೇರ್ವಾನಿಯ ಆಳು. ರಜಾಕಾರರ ಮಂದಿಯಿರಬೇಕೆಂದು ಹೆದರಿ ಅಪ್ಪ ಬಂಡಿಯನ್ನು ಜೋಳದ ಹೊಲಕ್ಕೆ ಇಳಿಸಿ, ದಂಟಿನ ಮರೆಯಲ್ಲಿ ತಲೆ ತಗ್ಗಿಸಿ ಕೂತ. ಟಾಂಗಾ ಹಾದುಹೋಯಿತು. ಅವರು ಶಹಾಬಜಾರ ಮುಟ್ಟಿದಾಗ ನಮ್ಮ ಮನೆಗೆ ಹಾಕಿದ ಕೀಲಿ ಹಾಗೇ ಇತ್ತು. ಎದುರು ಮನೆಯ ಮುದುಕಿ ಕಿಟಕಿಯಿಂದಲೇ ಮಾತಾಡಿದಳು.

“ನಿನ್ನಿ ಮಧ್ಯಾನದ ತನಕಾ ನಿಮ್ಮ ಕಟ್ಟಿ ಮ್ಯಾಲೇ ಕುಂತಿದ್ಲು ನೋಡಪ್ಪಾ. ನಾ ಕರದೆ, ಬರಲಿಲ್ಲ. ನಮ್ಮವ್ವ ಬರ್ತಾಳ, ಇಲ್ಲೇ ಇರ್ತೀನಿ ಅಂದ್ಲು.”

“ಆಮ್ಯಾಗ?”

“ಮಾಸ್ಟರ್ ಹೇಣ್ತಿ ಬಂದು ಕರಕೊಂಡು ಹೋದ್ಲು. ಮುಂಜಾನಿ ಎಲ್ಲಾರೂ ಟಾಂಗಾದಾಗ ಹೋದ್ರು. ಕಮಲಾಪುರಕ್ಕ ಮುಟ್ಟಿಸಿ ಹಂಗೇ ಹುಮನಾಬಾದ ಕಡಿ ಹೇಣ್ತಿ ತವರಿಗಿ ಹೋಗ್ತೀವಿ ಅಂದ್ರು ಮಾಸ್ಟರು. ಹುಡುಗೀಗೂ ಒಂದು ಬುರ್ಖಾ ಹಾಕಿದ್ರು, ಹಾದ್ಯಾಗ ಯಾರೂ ಕೇಳಬಾರದಂತ. ನಿಮಗ ಎದುರು ಆಗಲಿಲ್ಲೇನು?”

ಅಪ್ಪ ಅಲ್ಲಿಂದಲೇ ತಿರುಗಿದ. ಎತ್ತುಗಳು ದಣಿದಿದ್ದವು, ಕರಿಮಣ್ಣಿನ ಕೆಸರಿನಲ್ಲಿ ಗಾಲಿ ಹೂಳುತ್ತಿತ್ತು. ಮಹಾಗಾಂವದಲ್ಲಿ ಮನೆಮನೆಯ ಬಾಗಿಲು ಮುಚ್ಚಿತ್ತು, ಕೂಗಿದರೆ ಯಾರೂ ತೆರೆಯಲಿಲ್ಲ. ಅವನು ಕಮಲಾಪುರಕ್ಕೆ ಬಂದಾಗ ಮೂರನೆಯ ದಿನ. ಹೊಸ್ತಿಲಲ್ಲಿ ನಿಂತು ಅವ್ವನನ್ನು ಕೇಳಿದ್ದು ಇಷ್ಟೇ, ಟಾಂಗಾ ಬಂತೇನು. ಬಂದಿರಲಿಲ್ಲ.

ಆಮೇಲೆ ಪೊಲೀಸ್ ಆಕ್ಷನ್ ಆಯಿತು, ಹಿಂದೂಸ್ಥಾನದ ಫೌಜು ಒಳಗೆ ಬಂತು. ಆಕಾಶದಲ್ಲಿ ವಿಮಾನ ಹಾರಿದ್ದನ್ನು ಮಾಮಾನ ಮಾಳಿಗೆಯಿಂದ ನೋಡಿದೆ. ಫೌಜಿನ ಲಾರಿಗಳು ಹೋಗುವಾಗ ಮಂದಿ ಕುಂಕುಮ ಹಚ್ಚಿ ಆರತಿ ಎತ್ತಿದರು. ಬಾಳೆಹಣ್ಣು ಕೊಡಲು ನನ್ನನ್ನೂ ಕಳಿಸಿದರು. ಅವ್ವ ಹೊರಗೆ ಬರಲಿಲ್ಲ. ಲಾರಿಗಳು ಹೋದ ಮೇಲಿನ ವಾರದಲ್ಲಿ ಆ ದಾರಿಯಲ್ಲಿ, ಆ ಹಳ್ಳಿಗಳಲ್ಲಿ, ಬುರ್ಖಾ ತೊಟ್ಟವರಿಗೆ, ಶೇರ್ವಾನಿ ತೊಟ್ಟವರಿಗೆ ಏನಾಯಿತೆಂದು ಹಿರಿಯರು ನಮ್ಮ ಮುಂದೆ ಮಾತಾಡುತ್ತಿರಲಿಲ್ಲ. ಇಂಥಿಂಥ ಬಾವಿಯ ನೀರು ಕುಡಿಯಬೇಡಿ ಎಂದು ಮಾತ್ರ ಹೇಳುತ್ತಿದ್ದರು. ಯಾಕೆಂದು ಕೇಳಿದ ನನ್ನ ಬೆನ್ನಿಗೆ ಅತ್ತಿ ಒಂದು ಗುದ್ದಿದಳು, ಆಮೇಲೆ ತಾನೇ ಸೆರಗು ಬಾಯಿಗೆ ತುರುಕಿಕೊಂಡು ಒಳಗೆ ಹೋದಳು. ಒಬ್ಬರ ಭಯದಿಂದ ಕಾಪಾಡಲೆಂದು ತೊಡಿಸಿದ ಬುರ್ಖಾವೇ ಇನ್ನೊಬ್ಬರ ಕೈಯಲ್ಲಿ ಅಕ್ಕನಿಗೆ ಏನು ತಂದಿಟ್ಟಿರಬಹುದೆಂದು ಅವರೆಲ್ಲ ಆಗಲೇ ಯೋಚಿಸಿದ್ದರು. ನನಗೆ ಅದು ಹೊಳೆಯಲು ವರ್ಷಗಳು ಬೇಕಾದವು.

ನಾವು ಶಹಾಬಜಾರಕ್ಕೆ ಮರಳಿದಾಗ ಮಾಸ್ಟರ್ ಸಾಹೇಬರ ಮನೆಗೆ ಬಾಗಿಲೇ ಇರಲಿಲ್ಲ. ಚೌಕಟ್ಟು ಸಹ ಕಿತ್ತು ಒಯ್ದಿದ್ದರು. ಒಯ್ದವರು ನಮ್ಮ ಓಣಿಯವರೇ, ನಮಗೆ ನಮಸ್ಕಾರ ಮಾಡುವವರೇ. ಅಪ್ಪ ಟಾಂಗಾದವನನ್ನು ಹುಡುಕಿ ಮನೆಗೆ ಕರೆತಂದ. ಅವನು ಕಟ್ಟೆಯ ಮೇಲೆ ಕೂತು, ಟೋಪಿ ಮೊಣಕಾಲಿಗೆ ಸಿಕ್ಕಿಸಿಕೊಂಡು ಹೇಳಿದ.

“ಮಹಾಗಾಂವದ ತನಕಾ ಬಿಟ್ಟೀನ್ರಿ. ಗಾಲಿ ಮುರೀತು. ಸಾಬರು ಅಂದ್ರು, ನೀ ಹೋಗಪ್ಪಾ, ನಾವು ಬ್ಯಾರೆ ಬಂಡಿ ಮಾಡಕೋತೀವಿ ಅಂತ.”

“ಎಷ್ಟು ಮಂದಿ ಇದ್ರು?” ಎಂದು ಅಪ್ಪ ಕೇಳಿದ. ನಮ್ಮ ಮನೆಯ ಕಟ್ಟೆಯ ಮೇಲೆ ಆ ಮಾತು ಮೊದಲ ಸಲ ಕೇಳಿದ್ದು.

“ಸಾಬರೊಬ್ಬರು, ಮೂರು ಬುರ್ಖಾ ರೀ. ಒಂದು ಸಣ್ಣದು. ಅದು ಕನ್ನಡ ಮಾತಾಡ್ತಿತ್ರಿ. ಇನ್ನ ಎಷ್ಟು ದೂರ ಅದ ಅಂತ ಕೇಳಾಕತ್ತಿತ್ತು.”

ಒಳಗೆ ಅಡಿಗೆಮನೆಯಲ್ಲಿ ಏನೋ ಬಿದ್ದ ಸಪ್ಪಳವಾಯಿತು. ಅಂದು ಸಂಜೆ ಆಯಿ ಗೂಡಿನೊಳಗಿನ ಬಸಿ ಕಪ್ಪನ್ನು ತೆಗೆದು, ಬೂದಿ ಹಚ್ಚಿ ತಿಕ್ಕಿ, ಅಡಿಗೆಮನೆಯ ಪಾತ್ರೆಗಳ ನಡುವೆ ಇಟ್ಟಳು. ಆಕೆ ಮುಂದೆ ಎರಡು ವರ್ಷ ಬದುಕಿದ್ದಳು. ಆ ಎರಡು ವರ್ಷ ಆಕೆ ಕೂತಲ್ಲೇ ಬೆರಳು ಮಡಚುವುದು, ಬಿಚ್ಚುವುದು ಮಾಡುತ್ತಿದ್ದಳು. ಮೂರನೆಯ ಬೆರಳಿಗೆ ಬಂದಾಗ ನಿಲ್ಲಿಸಿ ಬಾಗಿಲ ಕಡೆ ನೋಡುತ್ತಿದ್ದಳು. ಮನೆಯ ಒಳಗೆ ಆ ವರ್ಷಗಳಲ್ಲಿ ಒಂದು ವಿಚಿತ್ರ ಶುರುವಾಯಿತು. ಅಪ್ಪ ಊಟಕ್ಕೆ ಕೂತು ಎಲ್ಲಾರೂ ಬಂದ್ರೇನು ಎಂದು ಅಭ್ಯಾಸದಂತೆ ಕೇಳುತ್ತಿದ್ದ. ಯಾರೂ ಉತ್ತರಿಸುತ್ತಿರಲಿಲ್ಲ. ಉತ್ತರಕ್ಕೆ ಕಾದಂತೆ ಅವನು ತಟ್ಟೆಯ ಮುಂದೆ ಸುಮ್ಮನೆ ಕೂತಿರುತ್ತಿದ್ದ. ಆ ಮೌನದಲ್ಲಿ ಒಳಗಿನ ಕೋಣೆಯಿಂದ ಯಾರೋ ಈಗ ಹೌದೆನ್ನುತ್ತಾರೆ ಎಂದು ನಮಗೆಲ್ಲ ಅನಿಸುತ್ತಿತ್ತು. ರೇವಣ್ಣ ಒಮ್ಮೆ ಎದ್ದು ಹೋಗಿ ಆ ಕೋಣೆಯಲ್ಲಿ ಇಣುಕಿ ಬಂದ. ಅವ್ವ ಅವನನ್ನು ಬೈಯಲಿಲ್ಲ. “ಇದ್ದಾಳೇನೋ?” ಎಂದು ಕೇಳಿದಳು.

ಅಪ್ಪ ಅಂಗಡಿಯನ್ನು ಬೇರೆಯವರಿಗೆ ನೋಡಿಕೊಳ್ಳಲು ಕೊಟ್ಟು ಹುಡುಕಿದ. ಹುಮನಾಬಾದಕ್ಕೆ, ಬೀದರಕ್ಕೆ, ಸೊಲ್ಲಾಪುರಕ್ಕೆ, ಹೈದರಾಬಾದಿಗೆ ಹೋದ. ಚಾಚಿಯ ತವರುಮನೆಯೂ ಬರಿದಾಗಿತ್ತು. ಕಚೇರಿಗಳಲ್ಲಿ ಎಲ್ಲರೂ ಅರ್ಜಿ ಕೊಡಿ ಎನ್ನುತ್ತಿದ್ದರು. ಹಳೆಯ ಕಚೇರಿಗಳಲ್ಲಿ ಉರ್ದು ನಡೆಯುತ್ತಿತ್ತು, ಹೊಸದಾಗಿ ಬಂದ ಸಾಹೇಬರುಗಳಿಗೆ ಇಂಗ್ಲಿಷ್ ಬೇಕಿತ್ತು. ಹಣ ಕೊಟ್ಟು ಬರೆಸಿದ ಅರ್ಜಿಗಳಲ್ಲಿ ಏನಿದೆ ಎಂದು ಅಪ್ಪನಿಗೆ ತಿಳಿಯುತ್ತಿರಲಿಲ್ಲ. ಹಾಗಾಗಿ ನನ್ನನ್ನು ಹೊಸ ಶಾಲೆಗೆ ಹಾಕಿದ. ಅಲ್ಲಿ ಇಂಗ್ಲಿಷ್ ಕಲಿಸಿದವರು ಒಳ್ಳೆಯವರು, ಆದರೆ ಈಸ್, ಆರ್ ಎಲ್ಲಿ ಬರುತ್ತದೆಂದು ನನಗೆ ಅವರು ಹೇಳಿಕೊಡಬೇಕಾಗಿರಲಿಲ್ಲ. ಅದು ಅಕ್ಕನ ಪಕ್ಕದಲ್ಲಿ ಕೂತು ಬಂದ ವಿದ್ಯೆ. ಹನ್ನೊಂದು ತುಂಬಿದ ವರ್ಷ ನಾನು ಮೊದಲ ಅರ್ಜಿ ಬರೆದೆ. ಪಡಸಾಲೆಯ ಅದೇ ಮೂಲೆಯಲ್ಲಿ ಕೂತು, ಅಪ್ಪನಿಗೆ ಕೇಳುವಂತೆ ಓದಿದೆ. ವನ್ ಆಫ್ ಮೈ ಡಾಟರ್ಸ್ ಈಸ್ ಮಿಸ್ಸಿಂಗ್.

“ಡಾಟರ್ಸ್ ಅಂದ್ರ?”

“ಹೆಣ್ಣುಮಕ್ಕಳು ಅಪ್ಪಾ. ಭಾಳ ಮಂದಿ ಇದ್ದಾಗ ಹಂಗಂತಾರ.”

“ಇಬ್ಬರು ಇದ್ರೂ ಭಾಳೇನು?”

“ಹೌದು. ಅದರಾಗ ಒಬ್ಬಾಕಿ ಇಲ್ಲ ಅಂತ ಬರದೀನಿ.”

ಅಪ್ಪ ಬಹಳ ಹೊತ್ತು ಆ ಕಾಗದ ನೋಡಿದ.

“ಇಬ್ಬರು ಅಂತ ಬರದಿ. ಛಲೋ ಮಾಡ್ದಿ,” ಎಂದ.

ಕಾಗದ ಮಡಚುವಾಗ ಅವ್ವ ಒಳಗಿನಿಂದ ಬಂದು ಹೊಸ್ತಿಲ ಮೇಲೆ ನಿಂತಳು.

“ಮಾಸ್ಟರ್ ಹೆಸರೂ ಬರಿ. ಚಾಚಿ ಹೆಸರು, ಆ ಮುದುಕಿ ಹೆಸರು. ಅವರ ಹಿಂದ ಬರೆಯೋರು ಯಾರು ಅದಾರ?”

ಮುದುಕಿಯ ಹೆಸರು ನಮಗೆ ಯಾರಿಗೂ ಗೊತ್ತಿರಲಿಲ್ಲ. ಮಾಸ್ಟರ್ ಸಾಹೇಬರ ತಾಯಿ ಎಂದು ಬರೆದೆ. ಹೊಸ ಕಾಗದ ತೆಗೆದುಕೊಂಡು ಮೊದಲಿನಿಂದ ಬರೆದಾಗ ಈಸ್ ಇದ್ದಲ್ಲಿ ಆರ್ ಬಂತು. ಆ ಬಳಿಕ ಎಷ್ಟು ಅರ್ಜಿ ಬರೆದೆ ಎಂಬುದಕ್ಕೆ ನನ್ನಲ್ಲಿ ಲೆಕ್ಕವಿಲ್ಲ. ಉತ್ತರ ಬಂದದ್ದು ಕಡಿಮೆ. ಒಂದು ಕಚೇರಿಯಿಂದ ಎರಡು ಸಾಲಿನ ಕಾಗದ ಬಂತು. ಎ ನಂಬರ್ ಆಫ್ ಪರ್ಸನ್ಸ್ ಈಸ್ ಎಂದು ತಪ್ಪಾಗಿ ಟೈಪು ಮಾಡಿ, ಈಸ್ ಹೊಡೆದು, ಆರ್ ಮಿಸ್ಸಿಂಗ್ ಎಂದು ತಿದ್ದಿದ್ದರು. ಏನಂತ ಅದ ಎಂದು ಅಪ್ಪ ಕೇಳಿದ. ಭಾಳ ಮಂದಿ ಕಾಣಂಗಿಲ್ಲ ಅಂತ ಅದ ಎಂದೆ. ಅವನು ತಲೆ ಆಡಿಸಿ, ಕಾಗದವನ್ನು ದೇವರ ಕೋಣೆಯ ಪೆಟ್ಟಿಗೆಯಲ್ಲಿಟ್ಟ. ಅದರಲ್ಲಿ ಅಕ್ಕನ ಹೆಸರಿರಲಿಲ್ಲ, ಆದರೂ ಇಟ್ಟ.

ನಾನು ಓದಿದ್ದು ಅಷ್ಟೇನೂ ಹೆಚ್ಚಲ್ಲ. ಟ್ರೇನಿಂಗ್ ಮುಗಿಸಿ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳಿಗೆ ಅಕ್ಷರ ಕಲಿಸಿ ನಿವೃತ್ತಳಾದೆ. ವಾರ್ಷಿಕ ಪ್ರವಾಸಕ್ಕೆ ಹೋದಾಗ ಬಸ್ಸು ಹತ್ತಿದ ಮಕ್ಕಳನ್ನು ನಾನು ಮೂರು ಮೂರು ಸಲ ಎಣಿಸುತ್ತಿದ್ದೆ. ಹೆಸರು ಕೂಗಿ, ಮುಖ ನೋಡಿ, ತಲೆ ಮುಟ್ಟಿ. ಜೊತೆಯ ಶಿಕ್ಷಕಿಯರು ನಗುತ್ತಿದ್ದರು, ಎಣಿಕಿ ಟೀಚರು ಎಂದು ಮಕ್ಕಳು ಹೆಸರಿಟ್ಟಿದ್ದರು. ನನ್ನ ಮದುವೆಯಾದ ಮೇಲೂ, ನನ್ನ ಮಕ್ಕಳು ದೊಡ್ಡವರಾದ ಮೇಲೂ, ಯಾರಾದರೂ ಹೊರಗಿನಿಂದ ಎಲ್ಲಾರೂ ಅದೀರೇನು ಎಂದು ಸಹಜವಾಗಿ ಕೇಳಿದರೆ ನಾನು ಮೊದಲು ಎದ್ದು ಕೋಣೆ ಕೋಣೆ ನೋಡಿ ಬರುತ್ತೇನೆ. ಅಪ್ಪ ಹೋದ, ಅವ್ವ ಹೋದಳು. ಅವ್ವ ಕೊನೆಯವರೆಗೂ ನನ್ನನ್ನು ಒಂದು ಮಾತು ಅನ್ನಲಿಲ್ಲ. ನೀ ಯಾಕ ಹಂಗ ಅಂದಿ ಎಂದು ಒಮ್ಮೆಯಾದರೂ ಕೇಳಿದ್ದರೆ ನಾನು ಉತ್ತರ ಕೊಡುತ್ತಿದ್ದೆ. ಕೇಳದೆ ಹೋದಳು.

ಈ ವರ್ಷ ರೇವಣ್ಣನೂ ಹೋದ. ಅವನಿಗೆ ಅಕ್ಕನ ಮುಖ ನೆನಪಿರಲಿಲ್ಲ. ಆಕೆಯ ಕಂಕುಳಲ್ಲಿ ಕೂತಾಗ ಕಿವಿಯ ಬುಗುಡಿ ಹಿಡಿದು ಎಳೆಯುತ್ತಿದ್ದೆ ಎಂದಷ್ಟೇ ಹೇಳುತ್ತಿದ್ದ. ಅದು ಅವನ ನೆನಪೋ, ಅವ್ವ ಹೇಳಿದ್ದೋ ಗೊತ್ತಿಲ್ಲ. ಈಗ ಆಕೆಯನ್ನು ಕಂಡವರಲ್ಲಿ ನಾನೊಬ್ಬಳೇ ಉಳಿದೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ರೇವಣ್ಣನ ಕಾರ್ಯದ ದಿನ ಐನೋರು ಬಂದು ಪೂಜೆಗೆ ಕೂತು, ಮನೆಯ ಹಿಂದಿನವರ ಹೆಸರು ಹೇಳಿರಿ ಎಂದರು. ನಾನು ಆಯಿಯ ಹೆಸರು ಹೇಳಿದೆ, ಅಪ್ಪನದು ಹೇಳಿದೆ, ಅವ್ವನದು, ರೇವಣ್ಣನದು ಹೇಳಿದೆ.

“ಮತ್ತ್ಯಾರರ ಅದಾರೇನವ್ವಾ?” ಎಂದು ಅವರು ಕೇಳಿದರು.

ಸತ್ತವರ ಸಾಲಿನಲ್ಲಿ ಅಕ್ಕನ ಹೆಸರು ಹೇಳಲು ನನಗೆ ಯಾರೂ ಅಪ್ಪಣೆ ಕೊಟ್ಟಿಲ್ಲ. ಬದುಕಿದ್ದರೆ ಆಕೆಗೆ ಈಗ ತೊಂಬತ್ತರ ಹತ್ತಿರ. ಯಾವುದೋ ಊರಿನಲ್ಲಿ, ಯಾವುದೋ ಹೆಸರಿನಲ್ಲಿ, ಮೊಮ್ಮಕ್ಕಳ ನಡುವೆ ಇರಬಹುದು. ಮಹಾಗಾಂವದ ಆಚೆ ಒಂದು ಮೈಲಿಯನ್ನೂ ದಾಟದೆ ಹೋಗಿರಬಹುದು. ಐನೋರು ಸ್ವಲ್ಪ ಕಾದು ವಿಭೂತಿ ಕೈಗೆತ್ತಿಕೊಂಡರು.

ಮನೆಯ ಎಲ್ಲರಿಗೂ ಒಂದು ಪುಣ್ಯತಿಥಿ ಇದೆ. ಅಕ್ಕನಿಗೆ ಇಲ್ಲ.